ಹಾಡಿಯಲ್ಲಿ ರಾತ್ರಿ ಉಳಿಯಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಯಾರೋ ಚಾರಣದ ಶೂ ಬಗ್ಗೆ ಕೇಳಿದ್ದರು. ನಾಲ್ಕು ಸಾಲು ಬರೆದು ಮುಗಿಸಿದ್ದೆ. ಅಲ್ಲಿಂದ ಪತ್ರಗಳು ಶುರುವಾದವು ನೋಡಿ, ಶೂ ಬಗ್ಗೆ ಒಂದೂ ಇಲ್ಲ. ಕಾಡಿನಲ್ಲಿ ಹಲವು ದಿನ ನಡೆಯುವುದು ಹೇಗೆ, ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ ಉಳಿಯಬಹುದಾ, ಗೈಡ್‌ಗೆ ಎಷ್ಟು ಕೊಡಬೇಕು, ಎಲ್ಲರದ್ದೂ ಇದೇ ಮಾತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಮೆಣಸಿನ ಬಳ್ಳಿ ಒಣಗುವುದರ ಬಗ್ಗೆ ಕೇಳಿದ ಸಿದ್ದಾಪುರದವರು ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳು ಮೊದಲ ಉತ್ತರ ನಿಮ್ಮದೇ.

ಪ್ರಶ್ನೆ: ಗೆಳೆಯನೊಬ್ಬ ಥಾಯ್ಲೆಂಡಿನಲ್ಲಿ ಮೂರು ದಿನ ಕಾಡಲ್ಲಿ ನಡೆದು, ಎರಡು ರಾತ್ರಿ ಗುಡ್ಡದ ಬುಡಕಟ್ಟಿನವರ ಮನೆಯಲ್ಲಿ ಮಲಗಿ ಬಂದಿದ್ದಾನೆ. ನಾವು ಐದು ಜನ ನಾಗರಹೊಳೆಯಲ್ಲಿ ಹಾಗೇ ಮಾಡಬೇಕು ಅಂತಿದ್ದೇವೆ. ಕುಟ್ಟದ ಕಡೆಯಿಂದ ಒಳಗೆ ಹೋಗಿ, ಜೇನುಕುರುಬರ ಹಾಡಿಯಿಂದ ಹಾಡಿಗೆ ನಡೆಯುವುದು. ಯಾರನ್ನು ಕೇಳಬೇಕು?
– ವಿರಾಜಪೇಟೆಯ ಓದುಗರು

ಯಾರನ್ನು ಕೇಳಿದರೂ ಆಗಲ್ಲ ಅಂತಾರೆ. ಆಗುತ್ತೆ ಅಂದವರನ್ನು ನಂಬಬೇಡಿ.

ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಥ ಕಾಡಿನೊಳಗೆ ಹೊರಗಿನವರು ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಪ್ರವಾಸಿಗರಿಗೆ ಇರುವುದು ಸಫಾರಿ ಒಂದೇ, ನಡೆಯುವ ಮಾತೇ ಇಲ್ಲ. ಕಾಡಿನ ನಡುವೆ ಹಾದುಹೋಗುವ ರಸ್ತೆಗೂ ಸಂಜೆ ಗೇಟ್ ಬೀಳುತ್ತದೆ. ಅಲ್ಲಿ ನಡೆಯುವುದು, ರಾತ್ರಿ ಉಳಿಯುವುದು ಎಲ್ಲ ಕೇಸ್ ಆಗುವ ಕೆಲಸ.

ಆದರೆ ಕಾನೂನಿನ ಮಾತು ಹೇಳಿ ಸುಮ್ಮನಾದರೆ ಅರ್ಧ ಉತ್ತರ ಆಗುತ್ತದೆ. ನಿಮ್ಮ ಮೇಲೆ ಕೇಸ್ ಆದರೆ ದಂಡ ಕಟ್ಟಿ ವಿರಾಜಪೇಟೆಗೆ ವಾಪಸ್ ಬರ್ತೀರಿ. ನಿಮ್ಮನ್ನು ಉಳಿಸಿಕೊಂಡ ಮನೆಯವರು ಎಲ್ಲಿಗೆ ಹೋಗಬೇಕು? ಆ ಕಾಡಿನೊಳಗಿನ ಹಾಡಿಗಳ ಜನರನ್ನು ಎಪ್ಪತ್ತರ ದಶಕದಿಂದಲೂ ಹೊರಗೆ ಕಳಿಸುತ್ತಲೇ ಬಂದಿದ್ದಾರೆ. ಉಳಿದವರು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದುಕೊಂಡು, ಇದು ನಮ್ಮ ಅಜ್ಜಂದಿರ ಜಾಗ ಅಂತ ಅರ್ಜಿ ಹಾಕಿ ಕೂತಿದ್ದಾರೆ. ಅಂಥ ಹೊತ್ತಲ್ಲಿ ಐದು ಜನ ಬ್ಯಾಗು ಹೊತ್ತು, ಮೊಬೈಲ್ ಹಿಡಿದು ಹಾಡಿಗೆ ನುಗ್ಗಿದರೆ ಮಾರನೇ ದಿನ ಗಾರ್ಡ್ ಬಂದು ಪ್ರಶ್ನೆ ಕೇಳುವುದು ಅವರನ್ನೇ.

ಇನ್ನೊಂದು ಹಳೇ ಕಥೆ ಇದೆ, ನಿಮ್ಮ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ನಾಗರಹೊಳೆ ಒಳಗೇ ದೊಡ್ಡ ಹೋಟೆಲ್ ಒಂದು ಏಳುವುದರಲ್ಲಿತ್ತು. ಆದಿವಾಸಿಗಳು ರಸ್ತೆಗೆ ಇಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ನಮಗೆ ಸೌದೆ ತರಲು, ಜೇನು ಇಳಿಸಲು ಬಿಡದ ಕಾಡಿನಲ್ಲಿ ದುಡ್ಡಿದ್ದವರು ಬಂದು ಮಲಗುವುದು ಹೇಗೆ ಸರಿ ಅಂತ ಅವರು ಕೇಳಿದ್ದು. ನೀವು ಹೋಟೆಲ್ ಕಟ್ಟಲು ಹೊರಟಿಲ್ಲ, ನಿಜ. ಆದರೂ ಪ್ರಶ್ನೆ ಅದೇ ಅಲ್ವಾ?

ಹಾಗಂತ ಹಾಡಿಗೆ ಹೋಗಲೇಬಾರದು ಅಂತಲ್ಲ. ಕಾಡಿನ ಹೊರಗೆ, ತಿತಿಮತಿ, ಪೊನ್ನಂಪೇಟೆ, ಸಿದ್ದಾಪುರದ ಕಡೆ ಬೇಕಾದಷ್ಟು ಹಾಡಿಗಳಿವೆ. ಜೇನುಕುರುಬರು, ಬೆಟ್ಟಕುರುಬರು, ಯರವರು, ಪಣಿಯರವರು. ಅಲ್ಲಿ ಪರಿಚಯದವರಿದ್ದು, ಬನ್ನಿ ಅಂತ ಕರೆದರೆ ಹಗಲು ಹೊತ್ತು ಹೋಗಿ ಬನ್ನಿ. ರಾತ್ರಿಯ ಮಾತು ಆಮೇಲೆ. ವರ್ಷಗಟ್ಟಲೆ ನಮ್ಮ ತೋಟದಲ್ಲಿ ಕೆಲಸ ಮಾಡಿದವರ ಮನೆಯೊಳಗೆ ಒಂದು ಸಲವೂ ಕೂತು ಕಾಫಿ ಕುಡಿಯದ ನಾವು, ಥಾಯ್ಲೆಂಡಿನ ಫೋಟೋ ನೋಡಿದ ಮೇಲೆ ಹಾಡಿಯಲ್ಲಿ ಮಲಗಬೇಕು ಅಂತಿದ್ದೇವೆ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೇನೆ.

ಪ್ರಶ್ನೆ: ಮೂರು ದಿನ ರಜೆ ಇದೆ. ಕೊಡಗು ಬಿಟ್ಟು ಹೋಗದೆ, ಕಾನೂನು ಮುರಿಯದೆ, ನಿಜವಾದ ಕಾಡಿನಲ್ಲಿ ನಡೆಯಬೇಕು. ಎಲ್ಲಿಂದ ಶುರು ಮಾಡಲಿ?
– ಕುಶಾಲನಗರದ ಓದುಗರು

ನಿಮ್ಮಂಥವರ ಪತ್ರ ಬಂದರೆ ಖುಷಿ. ಸೂತ್ರ ಇಷ್ಟೇ: ಹಗಲು ಕಾಡಿನಲ್ಲಿ ನಡೆಯಿರಿ, ರಾತ್ರಿ ಕಾಡಿನ ಅಂಚಿನ ಊರಲ್ಲಿ ಮಲಗಿ.

ಮೊದಲ ದಿನ ಕಕ್ಕಬೆ. ನಾಲ್ಕುನಾಡು ಅರಮನೆಯ ಹತ್ತಿರದಿಂದ ತಡಿಯಂಡಮೋಳ್ ಹತ್ತಿ. 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ಆರಾಮಾಗಿ ಇಳಿಯಬಹುದು. ಅರ್ಧ ದಾರಿ ತೋಟ, ಹುಲ್ಲುಗಾವಲು ಅಂತ ಸಲೀಸು. ಕೊನೆಯ ಏರು ಶೋಲಾ ಕಾಡಿನೊಳಗೆ ಬೇರು ಹಿಡಿದು ಹತ್ತುವಂಥದ್ದು, ಅಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ. ಮೇಲೆ ಟೆಂಟ್ ಹಾಕ್ತೇವೆ ಅನ್ನುವ ಯೋಚನೆ ಬಿಡಿ. ರಾತ್ರಿಗೆ ಕಕ್ಕಬೆಯಲ್ಲೇ ನೋಂದಣಿ ಇರುವ ಹೋಂಸ್ಟೇ ನೋಡಿಕೊಳ್ಳಿ. ಪುಟ್ಟು, ಬೈಂಬಳೆ (ಎಳೆ ಬಿದಿರು) ಕರಿ ಮಾಡಿಕೊಡುವ ಮನೆ ಸಿಕ್ಕಿದರೆ ಟಿವಿ ಇದೆಯಾ ಅಂತ ಕೇಳಬೇಡಿ.

ಎರಡನೇ ದಿನ ಕಾಲಿಗೆ ಸ್ವಲ್ಪ ಬಿಡುವು. ಪಾಡಿ ಇಗ್ಗುತ್ತಪ್ಪನಿಗೆ ಕೈಮುಗಿದು ಚೇಲಾವರದ ಕಡೆ ಹೋಗಿ. ಜಲಪಾತವನ್ನು ದೂರದಿಂದಲೇ ನೋಡಿ. ಏಮೆಪಾರೆಯ ಕೆಳಗಿನ ಗುಂಡಿಯಲ್ಲಿ ಜೀವ ಕಳೆದುಕೊಂಡ ಹುಡುಗರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು.

ಮೂರನೇ ದಿನ ಇರ್ಪು. ಅಲ್ಲಿಂದ ಬ್ರಹ್ಮಗಿರಿ, 1608 ಮೀಟರ್. ಇದು ಅಭಯಾರಣ್ಯ, ಹಾಗಾಗಿ ಇಲಾಖೆಯ ಅನುಮತಿಯೂ ಬೇಕು, ಗೈಡೂ ಬೇಕು. ಮೇಲೆ ನಿಂತರೆ ಆ ಕಡೆ ವಯನಾಡು, ಈ ಕಡೆ ನಮ್ಮ ಗದ್ದೆಗಳು. ನನ್ನನ್ನು ಕೇಳಿದರೆ ತಡಿಯಂಡಮೋಳ್‌ಗಿಂತ ಇದೇ ಚೆನ್ನ. ಜನ ಕಡಿಮೆ, ಕಾಡು ಜಾಸ್ತಿ.

ಅನುಮತಿ ವಿಷಯ ಒಂದು ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ನುಗ್ಗಿದ್ದು ನೆನಪಿರಬೇಕು. ಆಮೇಲೆ ಇಲಾಖೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿತು, ಅದೇ ವರ್ಷ ಅರಣ್ಯ ವಿಹಾರ ಅನ್ನುವ ಜಾಲತಾಣ ಬಂತು. ಹೊರಡುವ ಮೊದಲು ಅದರಲ್ಲಿ ನಿಮ್ಮ ದಾರಿ ತೆರೆದಿದೆಯಾ ನೋಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ, ಮಳೆಗಾಲದಲ್ಲಿ ಮಳೆಗೆ ಮುಚ್ಚುತ್ತಾರೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ.

ಆನೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಕೆಲವು ವರ್ಷದ ಹಿಂದೆ ಕುಟ್ಟದ ಹತ್ತಿರ ಒಂದು ತೋಟದ ಅಂಚಿನಲ್ಲಿ ಜೇನುಕುರುಬರ ಹಿರಿಯರೊಬ್ಬರ ಹಿಂದೆ ನಡೀತಿದ್ದೆ. ನಾನು ಏನೋ ಬಾಯಿ ಬಿಡ್ತಾನೇ ಇದ್ದೆ. ಅವರು ನಿಂತರು. ಕೆಳಗೆ ಬಗ್ಗಿ ಒಂದು ಚಿಟಿಕೆ ಒಣ ಮಣ್ಣು ತೆಗೆದು ಬೆರಳ ಸಂದಿಯಿಂದ ಬಿಟ್ಟರು. ಮಣ್ಣು ನಮ್ಮ ಕಡೆಗೇ ಹಾರಿತು. ಗಾಳಿ ಆ ಕಡೆಯಿಂದ ಬರ್ತಿದೆ ಅಂತ ನನಗೆ ಹೊಳೆಯುವಷ್ಟರಲ್ಲಿ ಅವರು ಮೂಗು ಎತ್ತಿ ಮೆಲ್ಲಗೆ ಹೇಳಿದರು, 'ಒಳಗೆ ಅವರಿದ್ದಾರೆ.' ಆನೆ ಅನ್ನಲಿಲ್ಲ, ಅವರು ಅಂದರು. ನನಗೆ ಏನೂ ಕಾಣಲಿಲ್ಲ, ಕೇಳಲೂ ಇಲ್ಲ. ವಾಪಸ್ ತಿರುಗಿ ನೂರು ಹೆಜ್ಜೆ ಹಾಕಿರಬಹುದು, ಹಿಂದೆ ಬಿದಿರು ಪಟಪಟ ಅಂತ ಮುರಿಯುವ ಸದ್ದು. ಗೈಡ್‌ಗೆ ದುಡ್ಡು ಯಾಕೆ ಕೊಡಬೇಕು, ಮೊಬೈಲಲ್ಲಿ ಮ್ಯಾಪ್ ಇದೆಯಲ್ಲ ಅಂತ ಕೇಳುವವರಿಗೆ ನಾನು ಈ ಕಥೆಯನ್ನೇ ಹೇಳುವುದು.

ಪ್ರಶ್ನೆ: ನನಗೆ 63. ಮಂಡಿ ನೋವಿದೆ. ತಡಿಯಂಡಮೋಳ್ ಹತ್ತಬಹುದಾ?
– ಮಡಿಕೇರಿಯ ನಿವೃತ್ತ ಮೇಷ್ಟ್ರು

ಹತ್ತುವಾಗ ಮಂಡಿ ಸುಮ್ನಿರುತ್ತೆ ಮೇಷ್ಟ್ರೇ, ಇಳಿಯುವಾಗ ಲೆಕ್ಕ ಕೇಳುತ್ತೆ. ಹುಲ್ಲುಗಾವಲಿನವರೆಗೆ ಹೋಗಿ, ಅಲ್ಲೇ ಬಂಡೆ ಮೇಲೆ ಕೂತು ಬುತ್ತಿ ಬಿಚ್ಚಿ, ಹುಡುಗರನ್ನು ಮೇಲೆ ಕಳಿಸಿ. ಕೈಯಲ್ಲಿ ಕೋಲಿರಲಿ. ಉಳಿದ ಹೊತ್ತಿಗೆ ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡಿದ್ದು ಇದೇ ಮನೆಗೆ. ಅರಮನೆ ಅಂದ ಕೂಡಲೇ ಮೈಸೂರಿನದ್ದನ್ನು ನೆನೆಸಿಕೊಳ್ಳಬೇಡಿ. ಕೊಡವರ ಹಿರಿಮನೆ ಐನ್‌ಮನೆ ಇರುತ್ತಲ್ಲ, ದೊಡ್ಡದೊಂದು ಐನ್‌ಮನೆಯ ಹಾಗಿದೆ, ಕತ್ತಲೆ ಕೋಣೆಗಳು, ಮರದ ಕಂಬಗಳು. ನಿಮಗೆ ಹೇಳಿಕೊಡಬೇಕಾ, ಪಾಠ ಮಾಡಿದವರೇ ನೀವು.

ಪ್ರಶ್ನೆ: ಕಾಫಿ ಕೊಯ್ಲು ಮುಗಿದ ಮೇಲೆ ಫೆಬ್ರವರಿ ಕೊನೆಗೆ ನಾನು, ನನ್ನ ಹೆಂಡತಿ ಥಾಯ್ಲೆಂಡಿಗೆ ಹೋಗ್ತಿದ್ದೇವೆ. ಚಿಯಾಂಗ್ ಮಾಯ್‌ನಿಂದ ಮೂರು ದಿನದ ಕಾಡು ನಡಿಗೆ, ಬೆಟ್ಟದ ಹಳ್ಳಿಯಲ್ಲಿ ವಾಸ ಅಂತ ಒಂದು ಪ್ಯಾಕೇಜ್ ನೋಡಿದೆವು. ಆನೆ ಸವಾರಿ, ಉದ್ದ ಕತ್ತಿನ ಹೆಂಗಸರ ಹಳ್ಳಿ ಎಲ್ಲ ಸೇರಿದೆ. ಹೋಗಬಹುದಾ?
– ಸೋಮವಾರಪೇಟೆಯ ಬೆಳೆಗಾರರು

ಹೋಗಿ. ಆದರೆ ಆ ಪ್ಯಾಕೇಜ್ ಬೇಡ, ಆ ತಿಂಗಳೂ ಬೇಡ.

ಮೊದಲು ತಿಂಗಳು. ಉತ್ತರ ಥಾಯ್ಲೆಂಡಿನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕಾಡು, ಹೊಲ ಎರಡೂ ಉರಿಯುತ್ತವೆ. ಹೊಗೆ ಕಣಿವೆಯಲ್ಲಿ ಕೂತುಬಿಡುತ್ತದೆ. ಆ ದಿನಗಳಲ್ಲಿ ಚಿಯಾಂಗ್ ಮಾಯ್ ಗಾಳಿ ಪ್ರಪಂಚದಲ್ಲೇ ಅತಿ ಕೆಟ್ಟದ್ದು ಅಂತ ಎಷ್ಟೋ ಸಲ ಸುದ್ದಿಯಾಗಿದೆ. ಬೆಟ್ಟ ಹತ್ತಿ ನಿಂತರೆ ಎದುರಿನ ಬೆಟ್ಟ ಕಾಣಲ್ಲ. ನವೆಂಬರ್‌ನಿಂದ ಜನವರಿ ಒಳ್ಳೆಯದು. ಅದು ನಿಮಗೆ ಕೊಯ್ಲಿನ ಕಾಲ, ಗೊತ್ತು. ಅರೇಬಿಕಾ ಬೇಗ ಮುಗಿದರೆ ರೊಬಸ್ಟಾ ಶುರುವಾಗುವ ಮುಂಚೆ ನುಸುಳಿಕೊಳ್ಳಿ. ರಾತ್ರಿ ಮೇಲಿನ ಹಳ್ಳಿಗಳಲ್ಲಿ ಒಳ್ಳೆ ಚಳಿ, ಸ್ವೆಟರ್ ಬೇಕೇ ಬೇಕು.

ಈಗ ಜನ. ಅಲ್ಲಿ ಬೆಟ್ಟದ ಬುಡಕಟ್ಟು ಅಂದರೆ ಒಂದೇ ಜನ ಅಲ್ಲ. ಕರೆನ್, ಮೊಂಗ್, ಲಾಹು, ಅಖಾ, ಲಿಸು, ಮಿಯೆನ್, ಒಬ್ಬೊಬ್ಬರದ್ದು ಒಂದೊಂದು ಭಾಷೆ. ಹೆಚ್ಚಿನವರು ಕರೆನ್. ನಮ್ಮಲ್ಲಿ ಜೇನುಕುರುಬ, ಯರವ, ಕುಡಿಯ ಎಲ್ಲರನ್ನೂ ಆದಿವಾಸಿ ಅಂತ ಒಂದೇ ಚೀಲಕ್ಕೆ ಹಾಕುತ್ತೇವಲ್ಲ, ಅಲ್ಲೂ ಹಾಗೇ. ತಲೆಮಾರುಗಳಿಂದ ಅಲ್ಲೇ ಇದ್ದರೂ ಎಷ್ಟೋ ಜನರಿಗೆ ಇವತ್ತಿಗೂ ಪೌರತ್ವದ ಕಾಗದ ಸಿಕ್ಕಿಲ್ಲ. ಹಕ್ಕುಪತ್ರ ಅನ್ನುವ ಮಾತು ಕೇಳಿ ಬೆಳೆದ ನಮಗೆ ಅದು ಹೊಸದೇನಲ್ಲ.

ಉದ್ದ ಕತ್ತಿನ ಹೆಂಗಸರು ಅಂತ ತೋರಿಸುವುದು ಕಯಾನ್ ಜನರನ್ನು. ಬರ್ಮಾದ ಯುದ್ಧಕ್ಕೆ ಹೆದರಿ ಎಂಬತ್ತರ ದಶಕದಿಂದ ಗಡಿ ದಾಟಿ ಬಂದವರು. ಹಿತ್ತಾಳೆ ಸುರುಳಿ ಅವರ ಪದ್ಧತಿ ಹೌದು. ಆದರೆ ಟಿಕೆಟ್ ಇಟ್ಟು, ಸಾಲಾಗಿ ಅಂಗಡಿ ಹಾಕಿಸಿ, ಬಸ್ಸಲ್ಲಿ ಬಂದವರು ಫೋಟೋ ತೆಗೆದುಕೊಂಡು ಹೋಗುವ ಹಳ್ಳಿ ಹಳ್ಳಿಯಲ್ಲ, ಪ್ರದರ್ಶನ. ಅವರಿಗೂ ಹೊಟ್ಟೆಪಾಡು, ಅವರನ್ನು ದೂರಲಾರೆ. ಥಾಯ್ಲೆಂಡಿಗೆ ಹೋದಾಗ ನಾನಂತೂ ಅಲ್ಲಿಗೆ ಹೋಗಲಿಲ್ಲ. ಆನೆ ಸವಾರಿಯೂ ಬೇಡ. ದುಬಾರೆಯ ಮಾವುತ, ಕಾವಾಡಿಗಳನ್ನು ನೋಡಿ ಬೆಳೆದ ಜಿಲ್ಲೆಯವರು ಬೇರೆ ದೇಶಕ್ಕೆ ಹೋಗಿ ಆನೆ ಬೆನ್ನಿನ ಮೇಲೆ ಕಬ್ಬಿಣದ ಕುರ್ಚಿಯಲ್ಲಿ ಕೂರಬೇಕಾ?

ಹಾಗಾದರೆ ಎಂಥದ್ದು ಆರಿಸಬೇಕು? ಗುಂಪು ಎಂಟು ಜನಕ್ಕಿಂತ ಜಾಸ್ತಿ ಇರಬಾರದು. ಗೈಡ್ ಹತ್ತಿರ ಸರ್ಕಾರಿ ಪರವಾನಗಿ ಇರಬೇಕು, ಅಲ್ಲಿ ಅದು ಕಡ್ಡಾಯ, ತೋರಿಸಿ ಅಂದರೆ ತೋರಿಸ್ತಾರೆ. ಜೊತೆಗೆ ಆ ಬೆಟ್ಟದವನೇ ಒಬ್ಬ ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಇದೊಂದು ಕೇಳಲೇಬೇಕು: ನಾವು ಉಳಿಯುವ ಮನೆಯವರಿಗೆ ಒಬ್ಬರಿಗೆ ರಾತ್ರಿಗೆ ಎಷ್ಟು ಕೊಡ್ತೀರಿ? ಥಟ್ಟಂತ ಅಂಕಿ ಹೇಳಿದರೆ ಒಳ್ಳೆ ಕಂಪನಿ. ಅದೆಲ್ಲ ಪ್ಯಾಕೇಜಿನಲ್ಲಿ ಸೇರಿದೆ ಅಂತ ರಾಗ ಎಳೆದರೆ ಮುಂದಿನ ಅಂಗಡಿಗೆ ಹೋಗಿ.

ನಾನು ಉಳಿದಿದ್ದು ಒಂದು ಕರೆನ್ ಹಳ್ಳಿಯಲ್ಲಿ. ಕಂಬದ ಮೇಲೆ ಎತ್ತಿ ಕಟ್ಟಿದ ಮನೆ, ಬಿದಿರು ಸೀಳಿ ಹಾಸಿದ ನೆಲ. ಕಾಲಿಟ್ಟರೆ ನೆಲ ಸ್ವಲ್ಪ ಬಾಗುತ್ತೆ, ಕಿರಕಿರ ಅನ್ನುತ್ತೆ. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ಗೊತ್ತಾಗುತ್ತೆ. ಕೆಳಗೆ ಹಂದಿ ಗುಟುರು ಹಾಕ್ತಾ ಇರುತ್ತೆ, ನಸುಕಿಗೆ ನಾಲ್ಕು ಗಂಟೆಗೇ ಕೋಳಿ. ಒಳಗೆ ಒಲೆ, ಒಲೆಯ ಮೇಲೆ ಅಟ್ಟ, ಹೊಗೆಗೆ ಕಪ್ಪಾದ ಮೆಣಸಿನಕಾಯಿ ಗೊಂಚಲು. ಹಳೇ ಕಾಲದ ನಮ್ಮಜ್ಜಿ ಅಡುಗೆಮನೆಗೆ ಹೋದ ಹಾಗಾಯಿತು. ಹೊರಗಿನ ಪ್ರಪಂಚವೇ ಮುಟ್ಟದ ಕಾಡು ಜನ ಅಂತ ಜಾಹೀರಾತಿನಲ್ಲಿ ಇತ್ತು, ಆ ಮನೆಯ ಹುಡುಗ ಬೈಕಲ್ಲಿ ಬಂದು ಮೊಬೈಲ್ ಚಾರ್ಜಿಗೆ ಹಾಕಿದ. ಬೈಕ್ ನೋಡಿ ನನ್ನ ಜೊತೆಗಿದ್ದ ಕೆಲವರಿಗೆ ಮೋಸ ಹೋದ ಮುಖ. ಯಾಕೆ? ನಾವು ಬೈಕ್ ಓಡಿಸಬಹುದು, ಅವರು ಓಡಿಸಬಾರದಾ?

ಮನೆಯೊಳಗೆ ಚಪ್ಪಲಿ ಹಾಕಬೇಡಿ, ಅದು ನಿಮಗೆ ಗೊತ್ತಿರುವುದೇ. ಅಖಾ ಹಳ್ಳಿಗೆ ಹೋದರೆ ಊರ ಬಾಗಿಲಲ್ಲಿ ಮರದ ಚೌಕಟ್ಟು ಇರುತ್ತೆ, ಅದನ್ನು ಮುಟ್ಟಬೇಡಿ. ನಮ್ಮ ದೇವರಕಾಡಿನಲ್ಲಿ ಕತ್ತಿ ಆಡಿಸಿದರೆ ಹೇಗೋ ಅವರಿಗೆ ಅದು ಹಾಗೆ.

ನಿಮಗೆ ಜಾಸ್ತಿ ಹಿಡಿಸುವುದು ಬೇರೆ. ಆ ಬೆಟ್ಟಗಳಲ್ಲಿ ಹಿಂದೆ ಅಫೀಮು ಬೆಳೆಯುತ್ತಿದ್ದರು. 1969ರಲ್ಲಿ ರಾಜ ಭೂಮಿಬೋಲ್ ಶುರು ಮಾಡಿದ ರಾಯಲ್ ಪ್ರಾಜೆಕ್ಟ್ ಮೂಲಕ ಅದರ ಬದಲು ಬೇರೆ ಬೆಳೆ ತಂದರು. ಅದರಲ್ಲಿ ಒಂದು ಅರೇಬಿಕಾ ಕಾಫಿ. ಇವತ್ತು ಅಖಾ, ಕರೆನ್ ಹಳ್ಳಿಗಳಲ್ಲಿ ನೆರಳಿನ ಕೆಳಗೆ ಕಾಫಿ ಗಿಡ ಕಂಡರೆ ನಿಮಗೆ ಸೋಮವಾರಪೇಟೆಯೇ ನೆನಪಾಗುತ್ತೆ. ಗೈಡ್‌ಗೆ ಮೊದಲೇ ಹೇಳಿ, ಕಾಫಿ ಬೆಳೆಯುವ ಮನೆಯಲ್ಲೇ ಉಳಿಸಿ ಅಂತ. ಭಾಷೆ ಬರದಿದ್ದರೂ ಕಾಫಿಯ ಕಾಯಿಕೊರಕ ಹುಳದ ಬಗ್ಗೆ ಇಬ್ಬರು ಬೆಳೆಗಾರರು ಕೈಸನ್ನೆಯಲ್ಲೇ ಒಂದು ಗಂಟೆ ಮಾತಾಡಬಹುದು.

ಇನ್ನೊಂದು ನಂಟೂ ಇದೆ, ಅದು ಕಹಿ. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ತುಡುವೆ ಜೇನು ಪೆಟ್ಟಿಗೆಗಳೆಲ್ಲ ಖಾಲಿಯಾದವಲ್ಲ, ಆ ರೋಗದ ಹೆಸರೇ ಥಾಯ್ ಸ್ಯಾಕ್‌ಬ್ರೂಡ್. ಮೊದಲು ಕಂಡಿದ್ದು ಥಾಯ್ಲೆಂಡಿನಲ್ಲಿ, ಎಪ್ಪತ್ತರ ದಶಕದಲ್ಲಿ. ಮರಿಹುಳ ಚೀಲದ ಹಾಗೆ ಊದಿ ಸಾಯುವ ರೋಗ. ಕೊಡಗಿನ ಜೇನು ಅಂತ ಹೆಸರು ಮಾಡಿದ್ದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಟ್ಟಕ್ಕೆ ಹೋಗಿದ್ದು ಆಗಲೇ.

ವೀಸಾ ನಿಯಮ ಪದೇ ಪದೇ ಬದಲಾಗುತ್ತೆ, ಟಿಕೆಟ್ ಮಾಡಿಸುವ ವಾರವೇ ನೋಡಿಕೊಳ್ಳಿ.

ಪ್ರಶ್ನೆ: ಜಿಗಣೆಗೆ ಏನು ಮಾಡಬೇಕು?
– ಭಾಗಮಂಡಲದಿಂದ ಇಬ್ಬರು, ನಾಪೋಕ್ಲಿನಿಂದ ಒಬ್ಬರು

ಭಾಗಮಂಡಲದವರು ಇದನ್ನು ನನ್ನನ್ನು ಕೇಳುವುದಾ! ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ತುರುಕಿ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿ ಒಣಗಿಸಿಕೊಂಡರೆ ಹತ್ತುವುದು ಕಡಿಮೆ. ಹತ್ತಿದರೆ ಎಳೆಯಬೇಡಿ, ಉಗುರಿನಿಂದ ಬಾಯಿಯ ಕಡೆ ಸವರಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಗಾಬರಿ ಬೇಡ. ಕಾಲಿಗೆ ಹತ್ತಿದ ಜಿಗಣೆಗೆ ಅಷ್ಟು ಹೆದರಬೇಕಾಗಿಲ್ಲ. ಮಳೆ ನಿಂತ ಮೇಲೆ ನೋಡಬೇಕಾದ್ದು ಉಣುಗು, ಮಂಗನ ಕಾಯಿಲೆ ಹರಡುವುದು ಅದೇ. ಸಂಜೆ ಸ್ನಾನ ಮಾಡುವಾಗ ಕಂಕುಳು, ಸೊಂಟ, ಕಿವಿ ಹಿಂದೆ ಹುಡುಕಿ ತೆಗೆಯಿರಿ. ನಡೆದು ಬಂದ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಮರೆಯದೆ ಹೇಳಿ. ಸತ್ತ ಮಂಗ ಕಂಡ ಕಡೆ ನಿಲ್ಲಲೇಬೇಡಿ, ಇಲಾಖೆಗೆ ತಿಳಿಸಿ.

ಪ್ರಶ್ನೆ: ನಮ್ಮ ಕಾಲೇಜಿನಿಂದ ಹಾಡಿಯೊಂದಕ್ಕೆ ಕರೆದುಕೊಂಡು ಹೋಗ್ತಿದ್ದಾರೆ. ಮಕ್ಕಳಿಗೆ ಚಾಕಲೇಟು, ಹಳೇ ಬಟ್ಟೆ ತಗೊಂಡು ಹೋಗೋಣ ಅಂತ ಗೆಳತಿಯರು ಹೇಳ್ತಿದ್ದಾರೆ. ನನಗ್ಯಾಕೋ ಸರಿ ಕಾಣ್ತಿಲ್ಲ. ಏನು ಒಯ್ಯಲಿ ಅಕ್ಕಾ?
– ಗೋಣಿಕೊಪ್ಪದ ವಿದ್ಯಾರ್ಥಿನಿ

ನಿನಗೆ ಸರಿ ಕಾಣ್ತಿಲ್ಲ ಅಂದರೆ ಅರ್ಧ ಉತ್ತರ ನಿನ್ನ ಹತ್ತಿರವೇ ಇದೆ ತಂಗೀ.

ನನ್ನದೇ ಒಂದು ಕಥೆ ಹೇಳ್ತೇನೆ, ನಾಚಿಕೆ ಆಗುವಂಥದ್ದು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಚಾರಣದ ಕಂಪನಿ ಜೊತೆ ಹೋಗಿದ್ದೆ. ಎರಡು ದಿನ ನಡಿಗೆ, ಒಂದು ರಾತ್ರಿ ಆದಿವಾಸಿ ಮನೆಯಲ್ಲಿ ವಾಸ, ತಲಾ 1800 ರೂಪಾಯಿ. ಎಂಟು ಜನ ಇದ್ದೆವು. ನಾವೂ ಚೀಲ ತುಂಬಾ ಬಿಸ್ಕತ್ತು, ಚಾಕಲೇಟು ಹೊತ್ತಿದ್ದೆವು. ಮನೆ ಒಬ್ಬ ಅಜ್ಜಿಯದ್ದು. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಅರ್ಧ ಹೆಂಚು, ಅರ್ಧ ನೀಲಿ ಟಾರ್ಪಾಲು. ರಾತ್ರಿ ನಾವು ಕೋಣೆಯಲ್ಲಿ ಸಾಲಾಗಿ ಮಲಗಿದೆವು, ನಗು, ಹಾಡು, ಎಲ್ಲ ಆಯಿತು. ಬೆಳಿಗ್ಗೆ ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದರೆ ಅಜ್ಜಿ ಮತ್ತೆ ಮೊಮ್ಮಗಳು ಒಲೆ ಪಕ್ಕ ಗೋಣಿಚೀಲದ ಮೇಲೆ ಮುದುಡಿ ಮಲಗಿದ್ದರು. ನಾವು ಹೊದ್ದುಕೊಂಡಿದ್ದು ಅವರ ಕಂಬಳಿ.

ಆಮೇಲೆ ಅಜ್ಜಿ ನಮ್ಮ ತಟ್ಟೆಗಳನ್ನು ತೊಳೀತಾ ಕೂತಿದ್ದಾಗ ಕೇಳಿದೆ, ನಿಮಗೆ ಎಷ್ಟು ಕೊಡ್ತಾರಜ್ಜಿ ಅಂತ. ಬೂದಿ ಮೆತ್ತಿದ ಕೈಯಲ್ಲೇ ಎರಡು ಬೆರಳು ತೋರಿಸಿದರು. ಎರಡು ಸಾವಿರ ಅಂದುಕೊಂಡೆ. ಇನ್ನೂರು. ಎಂಟು ಜನಕ್ಕೆ ಸೇರಿ ಇನ್ನೂರು, ಅಕ್ಕಿ ಅವರದ್ದೇ. ಹುಡುಗಿ ಹೊಸಿಲಲ್ಲಿ ಕೂತು ನಮ್ಮ ಚಾಕಲೇಟಿನ ಕಾಗದವನ್ನು ನೀಟಾಗಿ ಮಡಚಿ ಮಡಚಿ ಇಡ್ತಿದ್ದಳು. ಕಂಪನಿಯ ಹುಡುಗನ ಹತ್ತಿರ ಜಗಳ ಮಾಡಿದೆ, ನಾವು ನಾವೇ ದುಡ್ಡು ಹಾಕಿ ಅಜ್ಜಿ ಕೈಗೆ ಕೊಟ್ಟೆವು, ಸರಿ. ಆದರೆ ಹೊರಡುವ ಮುಂಚೆಯೇ ನಾನು ಅದನ್ನು ಕೇಳಬೇಕಿತ್ತು. ಸೋಮವಾರಪೇಟೆಯವರಿಗೆ ಮೇಲೆ ಅಷ್ಟು ಜೋರಾಗಿ ಹೇಳಿದ್ದು ಈ ಕಾರಣಕ್ಕೆ.

ಹಾಗಾಗಿ ಹಳೇ ಬಟ್ಟೆ ಬೇಡ. ಚಾಕಲೇಟು ಹಂಚಬೇಡಿ, ಗಾಡಿ ಕಂಡ ಕೂಡಲೇ ಮಕ್ಕಳು ಕೈ ಚಾಚುವ ಅಭ್ಯಾಸ ಮಾಡಿಸುವುದು ನಾವೇ. ಏನಾದರೂ ಕೊಡಲೇಬೇಕು ಅಂದರೆ ಆ ಊರಿನ ಶಾಲೆ ಅಥವಾ ಅಂಗನವಾಡಿಯವರನ್ನು ಮೊದಲು ಕೇಳಿ. ಊಟ ಅಲ್ಲೇ ಮಾಡುವುದಾದರೆ ಅಕ್ಕಿ, ಬೇಳೆ, ಎಣ್ಣೆ ತಗೊಂಡು ಹೋಗಿ, ಅಡುಗೆಗೆ ಕೂಲಿ ಕೊಡಿ. ಅವರು ಜೇನು, ಬಿದಿರಿನ ಬುಟ್ಟಿ ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಳ್ಳಿ. ಫೋಟೋ ಕೇಳಿ ತೆಗೆಯಿರಿ, ಬೇಡ ಅಂದರೆ ಬೇಡ. ನೆಲದ ಮೇಲೆ ಕೂರಿ. ಮೂಗು ಮುಚ್ಚಬೇಡಿ. ಅಷ್ಟೇ.

ಪ್ರಶ್ನೆ: ನಾನು ತಿತಿಮತಿ ಕಡೆಯವನು, ಜೇನುಕುರುಬ. ಪಿಯುಸಿ ಓದಿದ್ದೇನೆ. ಹೋಂಸ್ಟೇಯವರು ಗೆಸ್ಟ್ ಬಂದಾಗ ತೋಟ, ಹೊಳೆ ದಂಡೆ ಸುತ್ತಿಸಲು ನನ್ನನ್ನು ಕರೀತಾರೆ. ಕೆಲವು ಸಲ ಮುನ್ನೂರು ಕೊಡ್ತಾರೆ, ಕೆಲವು ಸಲ ಊಟ ಮಾತ್ರ. ರಾತ್ರಿ ಬೆಂಕಿ ಹಾಕಿ ನಿಮ್ಮ ಡ್ಯಾನ್ಸ್ ಮಾಡಿ ತೋರಿಸಿ ಅಂತಾರೆ. ಎಷ್ಟು ಕೇಳಬೇಕು? ಡ್ಯಾನ್ಸ್ ಮಾಡಿ ಅಂದರೆ ಏನು ಹೇಳಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ನಾನು ಎರಡು ಸಲ ಓದಿದ್ದು ನಿಮ್ಮದನ್ನು.

ದರ ಮೊದಲೇ ಹೇಳಿ, ಹೊರಡುವ ಮುಂಚೆ, ನಾಲ್ಕು ಜನರ ಎದುರಿಗೆ. ನನ್ನ ಲೆಕ್ಕ ಹೀಗೆ: ಆ ದಿನ ನೀವು ತೋಟಕ್ಕೆ ಹೋಗಿದ್ದರೆ ಕೂಲಿ ಬರ್ತಿತ್ತು, ಅದು ತಳ. ದಾರಿ, ಮರ, ಹಕ್ಕಿ, ಆನೆ ವಾಸನೆ ಗೊತ್ತಿರುವುದು ನಿಮ್ಮ ವಿದ್ಯೆ, ಅದಕ್ಕೆ ಇನ್ನೊಂದು ಕೂಲಿ. ಬಂದವರ ಜೀವ ನಿಮ್ಮ ಕೈಯಲ್ಲಿ ಇರುವುದಕ್ಕೆ ಮತ್ತೊಂದು. ಅಂದರೆ ತೋಟದ ದಿನಗೂಲಿಯ ಮೂರರಷ್ಟು, ಆರು ಜನದವರೆಗೆ. ಅದಕ್ಕಿಂತ ಜಾಸ್ತಿ ಜನ ಬಂದರೆ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೂ ಅಷ್ಟೇ. ಊಟ ಕೂಲಿಯಲ್ಲ. ಗೊಣಗುತ್ತಾರೆ, ಗೊಣಗಲಿ. ಆ ಮನೆಯಲ್ಲಿ ಒಂದು ರಾತ್ರಿಯ ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತಿದೆ.

ಕುಡಿದು ಬಂದವರನ್ನು ಕರೆದುಕೊಂಡು ಹೋಗಲ್ಲ, ಸಂಜೆ ಐದರ ಮೇಲೆ ಹೊರಡಲ್ಲ, ರಿಸರ್ವ್ ಕಾಡಿಗೆ ಕಾಲಿಡಲ್ಲ, ಇವು ಮೂರನ್ನು ಒಂದು ಕಾಗದದಲ್ಲಿ ಬರೆದು ಹೋಂಸ್ಟೇ ಗೋಡೆಗೆ ಅಂಟಿಸಿ. ಏನಾದರೂ ಹೆಚ್ಚು ಕಡಿಮೆ ಆದರೆ ಮೊದಲು ಬೆರಳು ತೋರಿಸುವುದು ನಿಮ್ಮ ಕಡೆಗೇ, ಆಗ ಆ ಕಾಗದ ಬೇಕಾಗುತ್ತೆ. ಹತ್ತಿರದ ಅರಣ್ಯ ಕಚೇರಿಗೂ ಒಮ್ಮೆ ಹೋಗಿ, ಚಾರಣದ ದಾರಿಗಳಿಗೆ ಗೈಡ್ ಬೇಕಾದಾಗ ನನ್ನ ಹೆಸರು ಇರಲಿ ಅಂತ ಬರೆದು ಕೊಡಿ. ಕೊಟ್ಟಿದ್ದರ ಪ್ರತಿ ಇಟ್ಟುಕೊಳ್ಳಿ, ಸೀಲ್ ಹಾಕಿಸಿಕೊಳ್ಳಿ.

ಡ್ಯಾನ್ಸ್ ವಿಷಯ. ನಿಮಗೇ ಕುಣಿಯಬೇಕು ಅನ್ನಿಸಿದರೆ ಕುಣಿಯಿರಿ, ಅದಕ್ಕೆ ಬೇರೆ ದರ ಹೇಳಿ. ಇಷ್ಟ ಇಲ್ಲದಿದ್ದರೆ ನಗ್ತಾ ಹೇಳಿ, ಮೇ ತಿಂಗಳಲ್ಲಿ ದೇವರಪುರದಲ್ಲಿ ನಮ್ಮ ಆದಿವಾಸಿಗಳ ಕುಂಡೆ ಹಬ್ಬಕ್ಕೆ ಬನ್ನಿ ಸಾರ್ ಅಂತ. ಅಲ್ಲಿ ಕುಣಿತವೂ ಸಿಗುತ್ತೆ, ಬೈಗುಳವೂ ಸಿಗುತ್ತೆ, ಕೈ ಚಾಚಿದಾಗ ದುಡ್ಡು ಕೊಡದೆ ಬರುವ ಹಾಗೂ ಇಲ್ಲ.